ಒಂದನ್ನು ಮಾತ್ರ ತಡೆಯುವುದು

ಐನಾಪುರದ ನನ್ನ ಸೋದರಳಿಯನು ಡೆಬಿಯನ್ ವ್ಯವಸ್ಥೆಯ ಗಣಕಯಂತ್ರವನ್ನಿಟ್ಟುಕೊಂಡು ಲಗ್ನಪತ್ರಿಕೆಗಳನ್ನು ಮುದ್ರಿಸಿಕೊಡುತ್ತಾನೆ. ಒಂದು ರಾತ್ರಿ ಅದರೊಳಗಿನ ತಂತ್ರಾಂಶಗಳನ್ನೆಲ್ಲ ಹೊಸ ಆವೃತ್ತಿಗೆ ಏರಿಸಿದನಂತೆ. ಬೆಳಗಾಗುವಷ್ಟರಲ್ಲಿ ಮುದ್ರಣಯಂತ್ರ ಮೌನವ್ರತ ಹಿಡಿದಿತ್ತು. ಬಾಗಿಲಲ್ಲಿ ಲಗ್ನದ ಮನೆಯವರು!

“ಮಾಮಾ, ಇನ್ನ ಈ ಅಪ್‌ಡೇಟಿನ ಉಸಾಬರಿನ ಬ್ಯಾಡ” ಎಂದನು.

ಅಷ್ಟು ದೂರ ಹೋಗಬೇಕಾಗಿಲ್ಲ. ಕೆಟ್ಟ ಪ್ಯಾಕೇಜಿನ ಹಳೆಯ ಆವೃತ್ತಿಯನ್ನು ಮರಳಿ ಸ್ಥಾಪಿಸಿ, ‘ಆಪ್ಟ್-ಮಾರ್ಕ್ ಹೋಲ್ಡ್’ ಎಂಬ ಆಜ್ಞೆಯ ಮುಂದೆ ಅದರ ಹೆಸರನ್ನು ಬರೆದರೆ ಅದು ಇದ್ದಲ್ಲಿಯೇ ನಿಲ್ಲುತ್ತದೆ. ಅದನ್ನು ಅವಲಂಬಿಸದ ಉಳಿದವು ಮುಂದೆ ಸಾಗುತ್ತವೆ. ‘ಅನ್‌ಹೋಲ್ಡ್’ ಎಂದರೆ ಬಿಡುಗಡೆ. ತಡೆದವುಗಳ ಪಟ್ಟಿಗೆ ‘ಷೋಹೋಲ್ಡ್’.

ಆದರೆ ವಾಚಕರು ಗಮನಿಸಬೇಕು: ತಡೆದುದಕ್ಕೆ ಭದ್ರತೆಯ ತೇಪೆಯೂ ತಲುಪದು. 2014ರ ಏಪ್ರಿಲಿನಲ್ಲಿ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ‘ಹಾರ್ಟ್‌ಬ್ಲೀಡ್’ ದೋಷ ಬಯಲಾದಾಗ, ದೋಷವಿದ್ದ ಆವೃತ್ತಿಯನ್ನೇ ಹಿಡಿದು ಕುಳಿತವರ ಗುಪ್ತಪದಗಳು ಕಳ್ಳರ ಕೈಗೆಟಕುವಂತಿದ್ದವು. 2024ರ ಮಾರ್ಚಿನಲ್ಲಿ ಇದರ ವಿಪರೀತ! ‘ಎಕ್ಸ್‌ಝಡ್’ ತಂತ್ರಾಂಶದ 5.6.0 ಮತ್ತು 5.6.1 ಎಂಬ ಹೊಸ ಆವೃತ್ತಿಗಳಲ್ಲಿಯೇ ಯಾರೋ ಕಳ್ಳಬಾಗಿಲನ್ನಿಟ್ಟಿದ್ದರು, ಹಳತರಲ್ಲಿದ್ದವರು ಪಾರಾದರು. ಆ ವರ್ಷದ ಕಥೆಯನ್ನು ಅಳಿಯನಿಗೆ ಹೇಳಬಾರದಿತ್ತೇನೋ, ಬಹಳ ಹಿಗ್ಗಿದನು.

ಈಗ ಮುದ್ರಣದ ಆ ಒಂದು ಪ್ಯಾಕೇಜನ್ನು ಮಾತ್ರ ತಡೆದಿದ್ದಾನೆ. ತಡೆದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿದ್ದಾನೆ. ಅಮಾವಾಸ್ಯೆಗೊಮ್ಮೆ ಯಂತ್ರದ ಪೂಜೆ ಮುಗಿಸಿ ಪಟ್ಟಿಯನ್ನು ತೆಗೆದು ನೋಡುತ್ತಾನೆ.