ಚೆಪಾಕ್‌ನಲ್ಲಿ ಎದ್ದು ನಿಂತವರು, ಈಡನ್‌ನಿಂದ ಹೊರನಡೆದವರು

1999 ಜನವರಿ 31ರಂದು ಚೆನ್ನೈಯ ಚೆಪಾಕ್ ಮೈದಾನದಲ್ಲಿ ಭಾರತ ತಂಡವು ಪಾಕಿಸ್ತಾನದೆದುರು ಕೇವಲ 12 ರನ್‌ಗಳಿಂದ ಸೋತಿತು. 271 ರನ್‌ಗಳ ಗುರಿ. 82 ರನ್ನಾಗುವಷ್ಟರಲ್ಲಿ 5 ವಿಕೆಟ್ ಪತನ. ಅಲ್ಲಿಂದ ಸಚಿನ್ ತೆಂಡೂಲ್ಕರ್ ಮತ್ತು ನಯನ್ ಮೊಂಗಿಯಾ ತಂಡವನ್ನು ಗೆಲುವಿನ ಹೊಸ್ತಿಲಿಗೆ ತಂದರು. ಬೆನ್ನುನೋವಿನಿಂದ ಬಳಲುತ್ತಲೇ 136 ರನ್ ಗಳಿಸಿದ ಸಚಿನ್, ಗೆಲುವಿಗೆ 17 ರನ್ ಬೇಕಿದ್ದಾಗ ಔಟಾದರು. ಉಳಿದ ಮೂರು ವಿಕೆಟ್‌ಗಳು ನಾಲ್ಕೇ ರನ್‌ಗಳಿಗೆ ಉರುಳಿದವು. ಮೈದಾನದಲ್ಲಿ ಮೌನ ಆವರಿಸಿತು. ಆ ಬಳಿಕ ನಡೆದುದನ್ನು ಕ್ರಿಕೆಟ್ ಚರಿತ್ರೆ ಇವತ್ತಿಗೂ ಮರೆತಿಲ್ಲ. ವಾಸಿಂ ಅಕ್ರಮ್ ನೇತೃತ್ವದ ಪಾಕಿಸ್ತಾನ ತಂಡವು ಮೈದಾನಕ್ಕೆ ಸುತ್ತು ಬಂದಾಗ ಚೆನ್ನೈಯ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಇದಾಗಿ ಮೂರು ವಾರಗಳೂ ಕಳೆದಿರಲಿಲ್ಲ. ಕೊಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ಅದೇ ಎರಡು ತಂಡಗಳು ಮತ್ತೆ ಎದುರಾದವು. ಪಂದ್ಯದ ನಾಲ್ಕನೆಯ ದಿನ ಸಚಿನ್ ಓಡುವಾಗ ಶೋಯೆಬ್ ಅಖ್ತರ್‌ಗೆ ಡಿಕ್ಕಿಯಾಗಿ ರನೌಟಾದರು. ಮೈದಾನಕ್ಕೆ ಬಾಟಲಿಗಳು ತೂರಿಬಂದವು. ಸ್ವತಃ ಸಚಿನ್ ಹೊರಬಂದು ಪ್ರೇಕ್ಷಕರಲ್ಲಿ ಶಾಂತಿಗಾಗಿ ವಿನಂತಿಸಬೇಕಾಯಿತು. ಐದನೆಯ ದಿನ ಸೋಲು ಸಮೀಪಿಸುತ್ತಿದ್ದಂತೆಯೇ ಗಲಭೆ ಮರುಕಳಿಸಿತು. ಕೊನೆಗೆ ಪೊಲೀಸರು ಪ್ರೇಕ್ಷಕರನ್ನೆಲ್ಲ ಹೊರಗೆ ಕಳುಹಿಸಿದರು. ಖಾಲಿ ಆಸನಗಳ ಎದುರು ಪಂದ್ಯ ಮುಗಿಯಿತು. ಪಾಕಿಸ್ತಾನವು 46 ರನ್‌ಗಳಿಂದ ಗೆದ್ದಿತು.

ಚೆನ್ನೈಯಲ್ಲಿದ್ದವರೂ ಭಾರತದ ಅಭಿಮಾನಿಗಳೇ. ಕೊಲ್ಕತ್ತಾದಲ್ಲಿದ್ದವರೂ ಭಾರತದ ಅಭಿಮಾನಿಗಳೇ. ಎರಡೂ ಕಡೆ ಸೋತದ್ದು ಭಾರತವೇ. ಹಾಗಿದ್ದರೆ ಈ ಎರಡು ಸಮೂಹಗಳ ಪೈಕಿ ದೇಶವನ್ನು ಹೆಚ್ಚು ಪ್ರೀತಿಸಿದವರು ಯಾರು?

ಇದೊಂದು ಹಳೆಯ ಪಂದ್ಯದ ಕುರಿತಾದ ಪ್ರಶ್ನೆಯಾಗಿ ಮಾತ್ರ ಉಳಿದಿರುತ್ತಿದ್ದರೆ ಇಲ್ಲಿ ಚರ್ಚಿಸಬೇಕಾದ ಅಗತ್ಯವಿರಲಿಲ್ಲ. ಆದರೆ ಇವತ್ತು ಕ್ರಿಕೆಟ್ ಅಭಿಮಾನವು ದೇಶಪ್ರೇಮದ ಅಳತೆಗೋಲಾಗಿದೆ. ಎದುರಾಳಿಯನ್ನು ಎಷ್ಟು ದ್ವೇಷಿಸುತ್ತೀರಿ ಎಂಬುದರ ಮೇಲೆ ನಿಮ್ಮ ತಂಡವನ್ನು ಎಷ್ಟು ಪ್ರೀತಿಸುತ್ತೀರಿ ಎಂಬುದನ್ನು ನಿರ್ಧರಿಸಲಾಗುತ್ತಿದೆ. ಆದ್ದರಿಂದಲೇ ಚೆಪಾಕ್‌ನ ಆ ಚಪ್ಪಾಳೆಯನ್ನು ಮತ್ತೊಮ್ಮೆ ಆಲಿಸಬೇಕಾಗಿದೆ.

ಅಷ್ಟಕ್ಕೂ, ಆ ಚಪ್ಪಾಳೆ ಅನುಕೂಲಕರ ವಾತಾವರಣದಲ್ಲಿ ಹುಟ್ಟಿದ್ದೇನಲ್ಲ. 1987ರ ಮಾರ್ಚ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ, ಸುನಿಲ್ ಗವಾಸ್ಕರ್ ತಮ್ಮ ಕೊನೆಯ ಟೆಸ್ಟ್ ಇನ್ನಿಂಗ್ಸ್‌ನಲ್ಲಿ 96 ರನ್ ಗಳಿಸಿಯೂ ಭಾರತವು 16 ರನ್‌ಗಳಿಂದ ಸೋತ ಬಳಿಕ, ಪಾಕಿಸ್ತಾನವು ಭಾರತದ ನೆಲದಲ್ಲಿ ಟೆಸ್ಟ್ ಆಡಿರಲಿಲ್ಲ. ಹನ್ನೆರಡು ವರ್ಷಗಳ ಬಳಿಕ ತಂಡ ಬರುತ್ತದೆಂದಾದಾಗ ಶಿವಸೇನೆಯ ಕಾರ್ಯಕರ್ತರು ದಿಲ್ಲಿಯ ಫಿರೋಝ್ ಷಾ ಕೋಟ್ಲಾ ಮೈದಾನದ ಪಿಚ್ ಅಗೆದು ಹಾಕಿದ್ದರು. ಆ ಕಾರಣದಿಂದಲೇ ಮೊದಲ ಟೆಸ್ಟ್ ದಿಲ್ಲಿಯಿಂದ ಚೆನ್ನೈಗೆ ಹೋಯಿತು. ಬೆದರಿಕೆಯ ನೆರಳಲ್ಲಿ ನಡೆದ ಪಂದ್ಯಕ್ಕೆ ಚೆನ್ನೈಯ ಜನಸಾಮಾನ್ಯರು ಕೊಟ್ಟ ಉತ್ತರ ಆ ಚಪ್ಪಾಳೆಯಾಗಿತ್ತು.

ಇಂಥ ಉತ್ತರವನ್ನು ಕೊಡುವ ತರಬೇತಿ ಟೆಸ್ಟ್ ಕ್ರಿಕೆಟ್‌ನಲ್ಲೇ ಇದೆ. ಮೂರೂವರೆ ಗಂಟೆಗಳಲ್ಲಿ ಮುಗಿದು ಹೋಗುವ ಪಂದ್ಯದಲ್ಲಿ ಪ್ರೇಕ್ಷಕನಿಗೆ ಫಲಿತಾಂಶವೇ ಸರ್ವಸ್ವ. ಟೆಸ್ಟ್ ಹಾಗಲ್ಲ. ದಿನಕ್ಕೆ 90 ಓವರ್‌ಗಳಂತೆ ಐದು ದಿನ. ನಡುವೆ ನಾಲ್ಕು ರಾತ್ರಿಗಳು. ಬೆಳಿಗ್ಗೆ ಪತ್ರಿಕೆಯ ಸ್ಕೋರುಪಟ್ಟಿ, ಮಧ್ಯಾಹ್ನ ರೇಡಿಯೋದ ವೀಕ್ಷಕ ವಿವರಣೆ, ಸಂಜೆ ಚಹಾದಂಗಡಿಯ ಚರ್ಚೆ. ಇವುಗಳ ನಡುವೆ ಅಭಿಮಾನಿಯು ತನ್ನ ತಂಡವನ್ನು ಮಾತ್ರವಲ್ಲ, ಎದುರಾಳಿಯನ್ನೂ ಅರಿಯುತ್ತಾನೆ. ಆತನ ಓಟ, ಆತನ ತಾಳ್ಮೆ, ಆತನ ದಣಿವು ಎಲ್ಲವೂ ಪರಿಚಿತವಾಗುತ್ತದೆ. ಐದು ದಿನ ಹೋರಾಡಿಯೂ ಯಾರೂ ಸೋಲದೆ, ಯಾರೂ ಗೆಲ್ಲದೆ ಕೈಕುಲುಕಿ ಮರಳುವ ಸಾಧ್ಯತೆಯನ್ನು ಗೌರವದಿಂದ ಒಪ್ಪಿಕೊಳ್ಳುವ ಆಟ ಇದಲ್ಲದೆ ಬೇರೆಷ್ಟಿವೆ?

ಚೆನ್ನೈ ಪಂದ್ಯವನ್ನೇ ನೋಡಿ. ಮೊದಲ ಇನ್ನಿಂಗ್ಸ್‌ನಲ್ಲಿ ಸಚಿನ್‌ರನ್ನು ಶೂನ್ಯಕ್ಕೆ ಔಟ್ ಮಾಡಿದ್ದು ಸಕ್ಲೇನ್ ಮುಷ್ತಾಕ್. ಎರಡನೆಯ ಇನ್ನಿಂಗ್ಸ್‌ನಲ್ಲಿ 136 ರನ್‌ಗಳ ಬಳಿಕ ಔಟ್ ಮಾಡಿದ್ದೂ ಅವರೇ. ಎರಡೂ ಇನ್ನಿಂಗ್ಸ್‌ಗಳಲ್ಲಿ ತಲಾ 5 ವಿಕೆಟ್ ಪಡೆದ ಆ ಬೌಲರ್‌ನ ಪ್ರತಿಭೆಯನ್ನು ಒಪ್ಪದವನಿಗೆ ಸಚಿನ್‌ರ 136ರ ಮಹತ್ವವಾದರೂ ಹೇಗೆ ಅರ್ಥವಾದೀತು? ಎದುರಾಳಿ ಅಲ್ಪನಾದರೆ ಅವನನ್ನೆದುರಿಸಿದ ನಮ್ಮ ನಾಯಕನ ಸಾಧನೆಯೂ ಅಲ್ಪವೇ. ಎದುರಾಳಿಯನ್ನು ಗೌರವಿಸುವುದು ಔದಾರ್ಯವಲ್ಲ, ಆಟವನ್ನು ಬಲ್ಲವನ ಪ್ರಾಮಾಣಿಕತೆ.

ದ್ವೇಷವು ಅಭಿಮಾನಿಯಿಂದ ಏನನ್ನು ಕಸಿಯುತ್ತದೆ ಎಂಬುದಕ್ಕೂ ಆ ವರ್ಷವೇ ಸಾಕ್ಷಿ. ಆ ಮೂರು ಪಂದ್ಯಗಳಲ್ಲಿ ಕರ್ನಾಟಕದ ಮೂವರು ಬೌಲರ್‌ಗಳು ಮೆರೆದರು. ಚೆನ್ನೈಯಲ್ಲಿ ವೆಂಕಟೇಶ್ ಪ್ರಸಾದ್ 33 ರನ್‌ಗಳಿಗೆ 6 ವಿಕೆಟ್ ಪಡೆದರು. ದಿಲ್ಲಿಯಲ್ಲಿ ಅನಿಲ್ ಕುಂಬ್ಳೆ 74 ರನ್ ನೀಡಿ ಇನ್ನಿಂಗ್ಸ್‌ನ ಹತ್ತೂ ವಿಕೆಟ್‌ಗಳನ್ನು ಕಿತ್ತರು. 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಮಾಡಿದ ಬಳಿಕ ಟೆಸ್ಟ್‌ನಲ್ಲಿ ಆ ಸಾಧನೆಯನ್ನು ಬೇರಾರೂ ಮಾಡಿರಲಿಲ್ಲ. ಕೊಲ್ಕತ್ತಾದಲ್ಲಿ ಮೈಸೂರಿನ ಜಾವಗಲ್ ಶ್ರೀನಾಥ್ ಒಟ್ಟು 13 ವಿಕೆಟ್ ಪಡೆದರು. ಅದರಲ್ಲಿ ಎರಡನೆಯ ಇನ್ನಿಂಗ್ಸ್‌ನ 86ಕ್ಕೆ 8 ಅವರ ವೃತ್ತಿಜೀವನದ ಶ್ರೇಷ್ಠ ಸಾಧನೆ. ದುರಂತವೇನೆಂದರೆ, ಈಡನ್ ಪಂದ್ಯವೆಂದಾಗ ಇವತ್ತು ನೆನಪಾಗುವುದು ಆ ಡಿಕ್ಕಿ, ಆ ಬಾಟಲಿಗಳು ಮತ್ತು ಖಾಲಿ ಮೈದಾನ. ಶ್ರೀನಾಥ್‌ರ ಬೆವರು ಹಿನ್ನೆಲೆಗೆ ಸರಿಯಿತು. ನಮ್ಮವನ ಸಾಧನೆಯನ್ನೇ ಕಾಣಗೊಡದ ಕೋಪವನ್ನು ಅಭಿಮಾನವೆಂದು ಕರೆಯುವುದು ಸರಿಯೇ?

ಹಾಗಂತ, ಚಪ್ಪಾಳೆಯಿಂದ ಯುದ್ಧಗಳು ನಿಲ್ಲುತ್ತವೆ ಎಂದು ವಾದಿಸಬೇಕಿಲ್ಲ. ಈಡನ್‌ನಲ್ಲಿ ಪ್ರೇಕ್ಷಕರನ್ನು ಹೊರಗೆ ಕಳುಹಿಸಿದ ಅದೇ ಫೆಬ್ರವರಿ 20ರಂದು ಪ್ರಧಾನಿ ವಾಜಪೇಯಿಯವರು ಬಸ್ಸಿನಲ್ಲಿ ಲಾಹೋರ್‌ಗೆ ತೆರಳಿದ್ದರು. ಕೆಲವೇ ತಿಂಗಳಲ್ಲಿ ಕಾರ್ಗಿಲ್ ಯುದ್ಧ ನಡೆಯಿತು. ಯಾವ ದೇಶದೊಂದಿಗೆ ಯಾವಾಗ ಆಡಬೇಕು, ಆಡಬಾರದು ಎಂಬುದನ್ನು ಸರಕಾರಗಳು ನಿರ್ಧರಿಸುತ್ತವೆ. ಭಯೋತ್ಪಾದನೆಯಲ್ಲಿ ತಮ್ಮವರನ್ನು ಕಳಕೊಂಡ ಕುಟುಂಬಗಳ ನೋವಿನೆದುರು ಆಟವು ದೊಡ್ಡ ಸಂಗತಿಯೂ ಅಲ್ಲ. ಇಲ್ಲಿರುವ ಪ್ರಶ್ನೆ ಸರಕಾರದ್ದಲ್ಲ, ಪ್ರೇಕ್ಷಕನದ್ದು. ಆಡಲು ನಿರ್ಧರಿಸಿದ ಬಳಿಕ ನಾವು ಹೇಗೆ ನೋಡುತ್ತೇವೆ?

ಈ ಪ್ರಶ್ನೆ ದೇಶದ ಮುಸ್ಲಿಮರ ಪಾಲಿಗೆ ಇನ್ನಷ್ಟು ಮೊನಚಾಗಿದೆ. 1990ರಲ್ಲಿ ಬ್ರಿಟನ್ನಿನ ಕನ್ಸರ್ವೇಟಿವ್ ರಾಜಕಾರಣಿ ನಾರ್ಮನ್ ಟೆಬ್ಬಿಟ್, ಏಶ್ಯದಿಂದ ಬಂದ ವಲಸಿಗರು ಯಾವ ತಂಡಕ್ಕೆ ಜೈಕಾರ ಹಾಕುತ್ತಾರೆ ಎಂಬುದನ್ನು ಅವರ ನಿಷ್ಠೆಯ ಪರೀಕ್ಷೆಯಾಗಿಸಿದರು. ಅದು 'ಕ್ರಿಕೆಟ್ ಟೆಸ್ಟ್' ಎಂದೇ ಕುಖ್ಯಾತವಾಯಿತು. ಟೆಬ್ಬಿಟ್ ಅದನ್ನು ಹೇಳಿದ್ದು ಹೊರಗಿನಿಂದ ಬಂದವರ ಬಗ್ಗೆ. ನಮ್ಮಲ್ಲಿ ಅದನ್ನು ಈ ಮಣ್ಣಲ್ಲೇ ಹುಟ್ಟಿ, ಈ ಮಣ್ಣಲ್ಲೇ ದಫನವಾಗುವವರ ಮೇಲೆ ಪ್ರಯೋಗಿಸಲಾಗುತ್ತದೆ. ಚೆಪಾಕ್‌ನಲ್ಲಿ ಎದ್ದು ನಿಂತವರನ್ನು ದೇಶ ಕ್ರೀಡಾಸ್ಫೂರ್ತಿಯ ಹೆಸರಲ್ಲಿ ಕೊಂಡಾಡಿತು. ಅದು ಸರಿಯೇ. ಆದರೆ ಅದೇ ಚಪ್ಪಾಳೆ ಒಂದು ಮುಸ್ಲಿಮ್ ಮೊಹಲ್ಲಾದ ಟಿ.ವಿ. ಎದುರಿನಿಂದ ಕೇಳಿಬಂದಿರುತ್ತಿದ್ದರೆ ಅದನ್ನೂ ಕ್ರೀಡಾಸ್ಫೂರ್ತಿ ಎಂದೇ ಕರೆಯಲಾಗುತ್ತಿತ್ತೇ? ಕೃತ್ಯ ಒಂದೇ ಆಗಿದ್ದು, ಹೆಸರು ನೋಡಿ ತೀರ್ಪು ಬದಲಾಗುವುದಾದರೆ ಅದು ಪರೀಕ್ಷೆಯಲ್ಲ, ಪೂರ್ವಗ್ರಹ.

2021ರ ಅಕ್ಟೋಬರ್‌ನಲ್ಲಿ ಟಿ-20 ವಿಶ್ವಕಪ್‌ನಲ್ಲಿ ಭಾರತವು ಪಾಕಿಸ್ತಾನದೆದುರು 10 ವಿಕೆಟ್‌ಗಳಿಂದ ಸೋತಾಗ ಹನ್ನೊಂದು ಮಂದಿ ಸೋತಿದ್ದರು. ನಿಂದನೆಗೆ ಗುರಿಯಾಗಿದ್ದು ಮಾತ್ರ ಮುಹಮ್ಮದ್ ಶಮಿ. ನಾಯಕ ವಿರಾಟ್ ಕೊಹ್ಲಿ ಬಹಿರಂಗವಾಗಿ ಅವರ ಬೆನ್ನಿಗೆ ನಿಂತರು ಎಂಬುದು ಸಮಾಧಾನದ ಸಂಗತಿ. ಆದರೆ ಬೆನ್ನಿಗೆ ನಿಲ್ಲುವ ಸ್ಥಿತಿ ಬಂದುದೇ ನಾಚಿಕೆಗೇಡು.

ಇನ್ನೊಂದು ಕಡೆಯನ್ನೂ ನೋಡಬೇಕು. ಶಮಿ ಅಥವಾ ಸಿರಾಜ್ ವಿಕೆಟ್ ಕಿತ್ತಾಗ ಅದನ್ನು ಸಮುದಾಯದ ದೇಶನಿಷ್ಠೆಯ ಪ್ರಮಾಣಪತ್ರದಂತೆ ಎತ್ತಿ ತೋರಿಸುವ ಪ್ರವೃತ್ತಿ ನಮ್ಮೊಳಗೂ ಇದೆ. ಇದು ಆ ಅನ್ಯಾಯದ ಪರೀಕ್ಷೆಗೆ ಸಹಿ ಹಾಕಿದಂತೆ. ವಿಕೆಟ್ ಸಿಕ್ಕಿದರೆ ನಿಷ್ಠೆ ಸಾಬೀತಾಗುತ್ತದೆಂದಾದರೆ ಕ್ಯಾಚ್ ಕೈಬಿಟ್ಟಾಗ ಏನಾಗಬೇಕು? ಅವಮಾನಕ್ಕೆ ಪ್ರತಿಯಾಗಿ ಹಠಕ್ಕೆ ಬಿದ್ದು ಸ್ವಂತ ದೇಶದ ತಂಡದ ಸೋಲನ್ನು ಬಯಸುವ ಯುವಕನಿದ್ದರೆ, ಅವನೂ ಇನ್ನೊಬ್ಬರ ದ್ವೇಷಕ್ಕೆ ತನ್ನ ಸಂತೋಷವನ್ನು ಒತ್ತೆಯಿಟ್ಟವನೇ.

2025ರ ಆಗಸ್ಟ್‌ನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ನಡೆದ ಟೆಸ್ಟ್ ಈ ಮಾತಿಗೆ ಪುರಾವೆ. ನಾಲ್ಕನೆಯ ದಿನ ಹ್ಯಾರಿ ಬ್ರೂಕ್ 19 ರನ್ ಗಳಿಸಿದ್ದಾಗ ಮುಹಮ್ಮದ್ ಸಿರಾಜ್ ಅವರ ಕ್ಯಾಚ್ ಹಿಡಿದರು. ಆದರೆ ಕಾಲು ಬೌಂಡರಿ ಗೆರೆಗೆ ತಗುಲಿತು. ಬ್ರೂಕ್ 111 ರನ್ ಗಳಿಸಿದರು. ಮರುದಿನ ಇಂಗ್ಲೆಂಡಿಗೆ ಬೇಕಿದ್ದುದು 35 ರನ್; ಉಳಿದಿದ್ದುದು 4 ವಿಕೆಟ್. ಅವುಗಳಲ್ಲಿ ಮೂರನ್ನು ಸಿರಾಜ್ ಕಿತ್ತರು. ಭಾರತ 6 ರನ್‌ಗಳಿಂದ ಗೆದ್ದಿತು. ಭುಜದ ಮೂಳೆ ಜಾರಿದ್ದರೂ ಒಂದು ಕೈಯನ್ನು ಕಟ್ಟಿಕೊಂಡು ಕ್ರೀಸಿಗೆ ಬಂದ ಕ್ರಿಸ್ ವೋಕ್ಸ್‌ರನ್ನು ಮೈದಾನವು ಎದ್ದು ನಿಂತು ಸ್ವಾಗತಿಸಿತು. ಹೈದರಾಬಾದಿನ ಆಟೋ ಚಾಲಕನ ಮಗ ಆ ದಿನ ದೇಶದ ಕಣ್ಮಣಿಯಾದರು. ಆದರೆ ಫಲಿತಾಂಶ ತಿರುಗಿರುತ್ತಿದ್ದರೆ? ಆ ಕ್ಯಾಚ್‌ನ ಬಗ್ಗೆ ಏನೆಲ್ಲ ಬರೆಯಲಾಗುತ್ತಿತ್ತು ಎಂಬುದನ್ನು ಊಹಿಸಲು ಹೆಚ್ಚು ಬುದ್ಧಿ ಬೇಕಿಲ್ಲ. ಒಬ್ಬ ನಾಗರಿಕನ ಮಾನವು ಆರು ರನ್‌ಗಳ ಮೇಲೆ ನಿಂತಿರುವ ಸಮಾಜವನ್ನು ಆರೋಗ್ಯಕರ ಎನ್ನಬಹುದೇ?

ಭಾರತ ಮತ್ತು ಪಾಕಿಸ್ತಾನ ಕೊನೆಯದಾಗಿ ಟೆಸ್ಟ್ ಆಡಿದ್ದು 2007ರ ಡಿಸೆಂಬರ್‌ನಲ್ಲಿ, ಬೆಂಗಳೂರಿನಲ್ಲಿ. ಅದು ಡ್ರಾ ಆಯಿತು. ಆ ಬಳಿಕ ಬೆಳೆದ ತಲೆಮಾರು ಈ ಎರಡು ತಂಡಗಳನ್ನು ಐದು ದಿನ ಎದುರುಬದುರಾಗಿ ಕಂಡಿಲ್ಲ. ಅವರು ಕಂಡಿರುವುದು ಕೆಲವೇ ಗಂಟೆಗಳ ಪಂದ್ಯಗಳು, ಅದರ ಮುಂಚಿನ ಟಿ.ವಿ. ಗದ್ದಲ, ನಂತರದ ನಿಂದನೆ. 2025ರ ಸೆಪ್ಟೆಂಬರ್‌ನಲ್ಲಿ ದುಬೈಯ ಏಶ್ಯ ಕಪ್‌ನಲ್ಲಿ ಆಟಗಾರರು ಕೈಕುಲುಕದೇ ಮೈದಾನ ಬಿಟ್ಟುದನ್ನೂ ಅವರು ಕಂಡರು. ಈ ಮಕ್ಕಳಿಗೆ ಚೆಪಾಕ್ ಎಂಬುದು ನಡೆಯಲಾರದ ಕತೆಯಂತೆ ಕೇಳಿಸಬಹುದು.

ಆದ್ದರಿಂದ ಅದನ್ನು ಅವರಿಗೆ ಹೇಳಬೇಕಾದ ಹೊಣೆ ಹಿರಿಯರ ಮೇಲಿದೆ. ನಮ್ಮ ತಂಡ ಗೆಲ್ಲಲಿ ಎಂದು ಮನಸಾರೆ ಹಾರೈಸು, ಸೋತರೆ ಅಳು. ಆದರೆ ಚೆನ್ನಾಗಿ ಆಡಿದವನಿಗೆ ಸಲ್ಲಬೇಕಾದುದನ್ನು ಸಲ್ಲಿಸದೆ ಏಳಬೇಡ ಎಂದು ಕಲಿಸಬೇಕು. ಇಷ್ಟವಿಲ್ಲದವನ ವಿಷಯದಲ್ಲೂ ನ್ಯಾಯ ಪಾಲಿಸುವುದನ್ನು ಮೈದಾನದ ಬದಿಯಲ್ಲಿ ಕಲಿತ ಮಗು ನಾಳೆ ನೆರೆಮನೆಯ ವಿಷಯದಲ್ಲೂ, ಮತಗಟ್ಟೆಯಲ್ಲೂ ಅದನ್ನು ಮರೆಯಲಾರದು. ಟೆಸ್ಟ್ ಎಂದರೆ ಪರೀಕ್ಷೆ ಎಂದೇ ಅರ್ಥ. ಆದರೆ ಅದರಲ್ಲಿ ಪರೀಕ್ಷೆಗೆ ಒಳಗಾಗುವವರು ಮೈದಾನದೊಳಗಿರುವವರು ಮಾತ್ರವಲ್ಲ.