ಯಂತ್ರದ ತಪ್ಪೋ, ಲೆಕ್ಕದ ಭಾರವೋ?

ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯು ಆಟದ ವಿಷಯವಾಗಿ, ಅದರಲ್ಲಿಯೂ ಕಂಪ್ಯೂಟರಿನ ಆಟದ ವಿಷಯವಾಗಿ ಬರೆಯುವುದನ್ನು ಕಂಡು ನಮ್ಮ ಹಳೆಯ ವಿದ್ಯಾರ್ಥಿನಿಯರು ಆಶ್ಚರ್ಯಪಡಬಹುದು. ತರಗತಿಯಲ್ಲಿ ಚೌಕಾಬಾರದ ಕವಡೆಗಳನ್ನು ಕಿತ್ತುಕೊಂಡವರು ನಾವೇ ಅಲ್ಲವೆ? ಆದರೆ ಈಚೆಗೆ ತಂದೆಯವರೊಬ್ಬರು ತಂದ ದೂರು ನಮ್ಮನ್ನು ಈ ಬರವಣಿಗೆಗೆ ಹಚ್ಚಿತು.

ಅವರು ಸೇಡಂ ತಾಲ್ಲೂಕಿನವರು. ಮಗಳು ನಮ್ಮಲ್ಲಿ ಹತ್ತನೆಯ ತರಗತಿ. ಅಣ್ಣನ ಓದಿಗೆಂದು ಕೊಂಡ ಕಂಪ್ಯೂಟರಿನಲ್ಲಿ ಅವಳೂ ರಜೆಯಲ್ಲಿ ಒಂದು ಆಟವನ್ನು ಆಡುತ್ತಿದ್ದಳು. “ಆಡಿ ಆಡಿ ಯಂತ್ರಾನೇ ಕೆಡಿಸ್ಯಾಳ್ರೀ ಮೇಡಂ. ಮೊದಲಿನಂಗ ಓಡವಲ್ದು. ಹೊಸಾದು ತರಬೇಕಂದ್ರ ಸಾಲಾನೇ ಮಾಡಬೇಕು,” ಎಂದರು. ಅವರು ಎರಡು ನಿರ್ಧಾರಗಳನ್ನು ಮಾಡಿಕೊಂಡು ಬಂದಿದ್ದರು. ಮೊದಲನೆಯದು, ಆ ಕಂಪ್ಯೂಟರನ್ನು ಮಾರುವುದು. ಎರಡನೆಯದು, ಮಗಳು ಮುಂದೆ ಕಾಲೇಜಿನಲ್ಲಿ ಕಂಪ್ಯೂಟರ್ ವಿಷಯವನ್ನು ತೆಗೆದುಕೊಳ್ಳದಂತೆ ತಡೆಯುವುದು. ಈ ಎರಡನೆಯದನ್ನು ಕೇಳಿದ ಮೇಲೆ ನಾವು ಸುಮ್ಮನಿರಲಾರದಾದೆವು.

ಆ ಆಟದ ಹೆಸರು ಸ್ಟೆಲ್ಲಾರಿಸ್. ಸ್ವೀಡನ್ ದೇಶದ ಪ್ಯಾರಡಾಕ್ಸ್ ಸಂಸ್ಥೆಯವರು ಅದನ್ನು ೨೦೧೬ನೆಯ ಇಸವಿಯ ಮೇ ತಿಂಗಳಲ್ಲಿ ಪ್ರಕಟಿಸಿದರು. ಆಡುವವರು ೨೨೦೦ನೆಯ ವರುಷದಲ್ಲಿ ಸಾಮಾನ್ಯವಾಗಿ ಒಂದೇ ಗ್ರಹದ ಒಡೆತನದಿಂದ ತೊಡಗಿ, ನಕ್ಷತ್ರದಿಂದ ನಕ್ಷತ್ರಕ್ಕೆ ನೌಕೆಗಳನ್ನು ಕಳುಹಿಸಿ, ನೆಲೆಗಳನ್ನು ಹೂಡಿ, ನೆರೆಯ ರಾಜ್ಯಗಳೊಡನೆ ಸಂಧಿವಿಗ್ರಹಗಳನ್ನು ನಡೆಸಿ ಸಾಮ್ರಾಜ್ಯವನ್ನು ಬೆಳೆಸಬೇಕು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವು ಸೇಡಂ ತಾಲ್ಲೂಕಿನಲ್ಲಿಯೇ ಇರುವುದರಿಂದ ಸಾಮ್ರಾಜ್ಯವೆಂಬ ಮಾತು ಈ ಹುಡುಗಿಗೆ ಹೊಸದೇನೂ ಅಲ್ಲ. ಆಟದ ಮೊದಲ ನೂರು ವರುಷಗಳು ಗಾಳಿಯಂತೆ ಹಾರಿಹೋಗುತ್ತವೆ. ೨೪೦೦ನೆಯ ವರುಷವು ಸಮೀಪಿಸುವಷ್ಟರಲ್ಲಿ ಆಟದೊಳಗಿನ ದಿನಗಳೇ ಕಾಲೆಳೆಯತೊಡಗುತ್ತವೆ. ಇದು ಇವಳೊಬ್ಬಳ ಮನೆಯ ಕಥೆಯಲ್ಲ. ಲೋಕದ ನಾನಾ ಕಡೆಗಳಲ್ಲಿ ಈ ಆಟವನ್ನು ಆಡುವವರೆಲ್ಲ ಬಹುಕಾಲದಿಂದ ಹೇಳುತ್ತಿರುವ ದೂರು.

ನಾವು ಹುಡುಗಿಯನ್ನು ಕರೆದು ಕೇಳಲು ಅವಳು ಒಂದು ನೋಟುಪುಸ್ತಕವನ್ನು ತಂದು ತೋರಿಸಿದಳು. ಮೊದಲು ತಾಯಿಯು ಒಂದು ರೊಟ್ಟಿಯನ್ನು ಬಡಿದು ಬೇಯಿಸುವಷ್ಟರಲ್ಲಿ ಕಳೆಯುತ್ತಿದ್ದ ವರುಷವು, ಕಡೆಗೆ ಐದಾರು ರೊಟ್ಟಿಗಳಾದರೂ ಕಳೆಯದೆಂದು ಅದರಲ್ಲಿ ಬರೆದಿದ್ದಳು. ಅಷ್ಟಕ್ಕೇ ನಿಲ್ಲದೆ, ಅದೇ ಯಂತ್ರದಲ್ಲಿ ಆಟವನ್ನು ಮತ್ತೆ ಮೊದಲಿನಿಂದ ಆರಂಭಿಸಿ ನೋಡಿದ್ದಳು. ಅದು ಹಿಂದಿನ ವೇಗದಲ್ಲಿಯೇ ಓಡಿತು. ಆದುದರಿಂದ ಯಂತ್ರವು ಸವೆದಿಲ್ಲವೆಂದು ಅವಳು ತೀರ್ಮಾನಿಸಿದ್ದಳು. ವಿಜ್ಞಾನದ ಪಾಠದಲ್ಲಿ ಪ್ರಯೋಗವೆಂದು ನಾವು ಕಲಿಸುವುದು ಇದನ್ನಲ್ಲದೆ ಮತ್ತೇನು?

ಹಾಗಾದರೆ ಕಾರಣವೇನು? ಆ ಆಟದಲ್ಲಿ ೨೦೨೫ರವರೆಗೆ ಪ್ರತಿಯೊಂದು ಪ್ರಜೆಗೂ ಲೆಕ್ಕವಿತ್ತು. ೨೦೧೮ರ ಡಿಸೆಂಬರಿನಲ್ಲಿ ಪ್ರಜೆಗಳಿಗೆ ಉದ್ಯೋಗಗಳನ್ನು ಹಂಚುವ ಹೊಸ ಕ್ರಮವು ಬಂದಿತು. ಯಾರಿಗೆ ಯಾವ ಕೆಲಸವು ತಕ್ಕುದೆಂದು ಯಂತ್ರವು ಮತ್ತೆ ಮತ್ತೆ ತೂಗಿ ನೋಡಬೇಕಾಯಿತು. ಆರಂಭದಲ್ಲಿ ಕೆಲವರೇ ಇದ್ದ ಪ್ರಜೆಗಳು ಕಡೆಗೆ ಸಾವಿರಗಟ್ಟಲೆ ಆಗುತ್ತಿದ್ದರು. ಇದಲ್ಲದೆ ರಾಜ್ಯಗಳ ಪರಸ್ಪರ ಸಂಬಂಧಗಳನ್ನೂ ಎಣಿಸಬೇಕು. ಹತ್ತು ರಾಜ್ಯಗಳ ನಡುವೆ ೪೫ ಜೋಡಿಗಳು. ಇಪ್ಪತ್ತಾದರೆ ೯೦ ಅಲ್ಲ, ೧೯೦. ರಾಜ್ಯಗಳು ಇಮ್ಮಡಿಯಾದರೆ ಲೆಕ್ಕವು ನಾಲ್ಮಡಿಗೂ ಮೀರುತ್ತದೆ.

ಹೆಚ್ಚು ಶಕ್ತಿಯ ಯಂತ್ರವನ್ನು ತಂದರೆ ಸಾಲದೇ ಎಂದು ಕೇಳಬಹುದು. ವಾಡಿ ಜಂಕ್ಷನ್ನನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಸೊಲ್ಲಾಪುರದಿಂದ ಶಹಾಬಾದಿನ ಮೇಲೆ ಬರುವ ಹಳಿ, ಸಿಕಂದರಾಬಾದಿನಿಂದ ಸೇಡಂ ಚಿತ್ತಾಪುರಗಳ ಮೇಲೆ ಬರುವ ಹಳಿ, ರಾಯಚೂರಿನ ಕಡೆಯ ಹಳಿ ಇವು ಅಲ್ಲಿ ಕೂಡುತ್ತವೆ. ವಾಡಿಯಲ್ಲಿ ದಾರಿ ತೆರವಾಗಲೆಂದು ಗಾಡಿಯು ಹೊರಗೆ ನಿಂತಿರುವಾಗ, ಸೇಡಂ ಚಿತ್ತಾಪುರಗಳ ನಡುವೆ ಮತ್ತೊಂದು ಹಳಿಯನ್ನು ಹಾಕಿದರೆ ಆ ಕಾಯುವಿಕೆಯು ತಪ್ಪುವುದೇ? ಈಗಿನ ಪ್ರೊಸೆಸರಿನೊಳಗೆ ಕೋರುಗಳೆಂಬ ಹಲವು ಕೆಲಸಗಾರರಿದ್ದಾರೆ. ಆದರೆ ಒಂದರ ಫಲವನ್ನು ನೋಡಿಯೇ ಮತ್ತೊಂದನ್ನು ಮಾಡಬೇಕಾದ ಲೆಕ್ಕಗಳಲ್ಲಿ ಒಬ್ಬನು ದುಡಿಯುತ್ತಿರಲು ಉಳಿದವರು ಕೈಕಟ್ಟಿ ಕಾಯಬೇಕಾಗುತ್ತದೆ. ಜೀನ್ ಆಮ್ಡಾಲ್ ಎಂಬ ಅಮೇರಿಕದ ವಿದ್ವಾಂಸರು ೧೯೬೭ರಲ್ಲಿಯೇ ಈ ಮಿತಿಯನ್ನು ಎತ್ತಿ ತೋರಿಸಿದರು. ಕೆಲಸದ ಹತ್ತನೆಯ ಒಂದು ಪಾಲು ಹೀಗೆ ಒಂದರ ಹಿಂದೊಂದಾಗಿಯೇ ನಡೆಯಬೇಕಾದರೆ, ಸಾವಿರ ಮಂದಿಯನ್ನು ಹಚ್ಚಿದರೂ ಒಟ್ಟು ಕೆಲಸದ ವೇಗವು ಹತ್ತು ಪಟ್ಟನ್ನು ಮೀರದು. ಹೊಸ ಯಂತ್ರದಿಂದ ಸ್ವಲ್ಪ ಅನುಕೂಲವಾಗುವುದು ನಿಜ; ಆದರೆ ಬೆಳೆಯುತ್ತಲೇ ಇರುವ ಲೆಕ್ಕವು ಅದನ್ನೂ ಒಂದು ದಿನ ಹಿಡಿದು ನಿಲ್ಲಿಸುವುದು.

ಆಟವನ್ನು ರಚಿಸಿದವರೂ ಇದನ್ನು ಅರಿತಿದ್ದಾರೆ. ೨೦೨೧ರ ಏಪ್ರಿಲಿನಲ್ಲಿ ಅವರು, ಸಾಮ್ರಾಜ್ಯವು ದೊಡ್ಡದಾದಂತೆ ಹೊಸ ಪ್ರಜೆಗಳ ಹುಟ್ಟುವಿಕೆಯು ತಡವಾಗುವಂತೆ ನಿಯಮವನ್ನು ಬದಲಾಯಿಸಿದರು. ೨೦೨೫ರ ಮೇ ತಿಂಗಳಲ್ಲಿ ಪ್ರಜೆಗಳನ್ನು ಒಬ್ಬೊಬ್ಬರಾಗಿ ಎಣಿಸುವುದನ್ನು ಬಿಟ್ಟು, ಒಂದೇ ಬಗೆಯವರನ್ನು ಗುಂಪುಗೂಡಿಸಿ ಎಣಿಸುವ ಕ್ರಮವನ್ನು ತಂದರು. ಹೊಸತರಲ್ಲಿ ಅನೇಕ ದೋಷಗಳು ಕಂಡುಬಂದು ತಿದ್ದುಪಡಿಗಳು ಒಂದರ ಮೇಲೊಂದು ಬರಬೇಕಾದವು. ಮನೆಯ ಪುಟ್ಟ ಯಂತ್ರದಲ್ಲಿ ಆಡುವವರಿಗಾದರೋ ಖರ್ಚಿಲ್ಲದ ಉಪಾಯಗಳುಂಟು: ಆಟದ ಆರಂಭದಲ್ಲಿಯೇ ಸಾವಿರ ನಕ್ಷತ್ರಗಳ ಬದಲು ಇನ್ನೂರು ನಾನೂರನ್ನು ಆರಿಸಿಕೊಳ್ಳುವುದು, ಎದುರು ರಾಜ್ಯಗಳನ್ನು ಕಡಿಮೆಮಾಡುವುದು, ವಾಸಯೋಗ್ಯವಾದ ಗ್ರಹಗಳನ್ನು ತಗ್ಗಿಸುವುದು. ನಮ್ಮ ಹುಡುಗಿಯು ಹಾಗೆಯೇ ಮಾಡಿ ನೋಡಿದಳು. ಕಾಲೆಳೆತವು ಬಹಳ ಮಟ್ಟಿಗೆ ಕಡಿಮೆಯಾಯಿತು.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ರಾತ್ರಿಯೆಲ್ಲ ಎಚ್ಚರವಿದ್ದು ಆಡುವುದನ್ನು ನಾವು ಎಂದಿಗೂ ಒಪ್ಪೆವು. ಹೊತ್ತು ಗೊತ್ತುಗಳನ್ನು ನೀವೇ ಗೊತ್ತುಮಾಡಿರಿ. ಆದರೆ ಯಂತ್ರವು ನಿಧಾನವಾದೊಡನೆ ಸಾಲಕ್ಕೆ ಕೈಯೊಡ್ಡಬೇಡಿರಿ. ಮಗಳ ಮೇಲೆ ತಪ್ಪನ್ನೂ ಹೊರಿಸಬೇಡಿರಿ. ಏಕೆ ನಿಧಾನವಾಯಿತೆಂದು ಮೊದಲು ಅವಳನ್ನೇ ಕೇಳಿರಿ. ಅದೇ ಪ್ರಶ್ನೆಯನ್ನು ಗಂಡುಮಗನು ಕೇಳಿದ್ದರೆ ಜಾಣನೆಂದು ಹೊಗಳುತ್ತಿದ್ದೆವಲ್ಲವೆ? ಚಿಂಚೋಳಿಯಿಂದ ಬಸ್ಸಿನಲ್ಲಿ ಬರುವವಳಾಗಲಿ, ಶಹಾಬಾದಿನವಳಾಗಲಿ, ಹೀಗೆ ಕಾರಣವನ್ನು ಹುಡುಕುವ ಹುಡುಗಿಗೆ ಆ ವಿದ್ಯೆಯ ಬಾಗಿಲನ್ನು ಮುಚ್ಚುವುದು ಅನ್ಯಾಯವೆಂಬುದೇ ನಮ್ಮ ದೃಢವಾದ ಅಭಿಪ್ರಾಯ.

ಆ ತಂದೆಯವರು ನೋಟುಪುಸ್ತಕವನ್ನು ಬಹಳ ಹೊತ್ತು ನೋಡಿದರು. ಕಂಪ್ಯೂಟರನ್ನು ಮಾರಲಿಲ್ಲ. ಕಾಲೇಜಿನ ಮಾತು ಇನ್ನೂ ಮುಗಿದಿಲ್ಲ, ನಾವೂ ಬಿಡುವವರಲ್ಲ. ಪ್ರಜೆಗಳನ್ನು ಗುಂಪಾಗಿ ಎಣಿಸಿದರೆ ಆಟವು ಹಗುರವಾಗಿ ಓಡಬಹುದು. ಶಾಲೆಯ ಕೆಲಸವು ಹಾಗಲ್ಲ. ಎಷ್ಟೇ ತಡವಾದರೂ ಇಲ್ಲಿ ಒಬ್ಬೊಬ್ಬಳನ್ನೂ ಹೆಸರು ಹಿಡಿದೇ ಕರೆಯಬೇಕು. ಅವಳು ಏನನ್ನು ಬಲ್ಲಳೆಂದು ಒಬ್ಬೊಬ್ಬಳನ್ನೂ ಕೇಳಲೇಬೇಕು.