ನಮ್ಮ ಬ್ಲಾಕಿನ ನೆರಳು ಎಲ್ಲಿ ಹೋಯ್ತು?

ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

ಮೊನ್ನೆ ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಎಸಿ ಹಾಲು. ಆರ್ಕಿಟೆಕ್ಟ್ ಒಬ್ಬರು ನಮ್ಮ ಪೂರ್ವಜರ ಊರು ಎಷ್ಟು ತಂಪಾಗಿತ್ತು ಅಂತ ಚಿತ್ರ ತೋರಿಸಿದರು. ಅಗ್ರಹಾರದ ಬೀದಿ, ಉದ್ದಕ್ಕೂ ಜಗಲಿ, ಮುಂದಕ್ಕೆ ಚಾಚಿದ ಸೂರು, ದಾರಿಹೋಕರಿಗೆಲ್ಲ ನೆರಳು. ನಾನು ಎದ್ದು ಕೇಳಿದೆ: ಸರ್, ಆ ಜಗಲಿ ಮೇಲೆ ನಮ್ಮಜ್ಜ ಕೂಡಬಹುದಿತ್ತಾ? "ಇಲ್ಲಿ ತಾಂತ್ರಿಕ ವಿಷಯ ಮಾತಾಡ್ತಿದ್ದೇವೆ" ಅಂದರು.

ಆಯ್ತು, ತಾಂತ್ರಿಕ ವಿಷಯಾನೇ ಮಾತಾಡೋಣ.

ನಾನಿರೋದು ಕಲಬುರಗಿ. ಟೀವಿಯಲ್ಲಿ ಇವತ್ತು 42 ಡಿಗ್ರಿ ಅಂತಾರಲ್ಲ, ಅದು ಬಯಲಲ್ಲಿಟ್ಟ ಬಿಳಿ ಬಣ್ಣದ ಪೆಟ್ಟಿಗೆಯೊಳಗೆ, ನೆರಳಲ್ಲಿ ಅಳೆದ ಗಾಳಿಯ ಬಿಸಿ. ಬೀದಿಯಲ್ಲಿ ನಿಂತ ಮನುಷ್ಯನಿಗೆ ತಟ್ಟೋದು ಅದೊಂದೇ ಅಲ್ಲ. ನೆತ್ತಿ ಮೇಲಿನ ಬಿಸಿಲು, ಕಾದ ಗೋಡೆ ಮತ್ತು ನೆಲದಿಂದ ಬರುವ ಝಳ, ಬೆವರು ಆರಿಸೋಕೆ ಗಾಳಿ ಇದೆಯೋ ಇಲ್ಲವೋ, ಎಲ್ಲ ಸೇರಿ ಮೈಗೆ ಗೊತ್ತಾಗುತ್ತೆ. ಅದೇ 42ರಲ್ಲಿ ಬೇವಿನ ಗಿಡದ ಕೆಳಗೆ ನಿಲ್ಲೋದೇ ಬೇರೆ, ಕಾಂಕ್ರೀಟ್ ಗೋಡೆ ಮುಂದೆ ನಿಲ್ಲೋದೇ ಬೇರೆ. ರಸ್ತೆ ಎಷ್ಟು ಅಗಲ, ಕಟ್ಟಡ ಎಷ್ಟು ಎತ್ತರ, ಯಾವ ದಿಕ್ಕಿಗೆ, ಮಧ್ಯೆ ಎಷ್ಟು ಜಾಗ, ಇದನ್ನೆಲ್ಲ ತೀರ್ಮಾನಿಸೋದು ನಕ್ಷೆ ಬರೆಯೋರು. ದೇವರಲ್ಲ.

ನಮ್ಮ ಹಳೇ ಓಣಿ ಸ್ವರ್ಗ ಆಗಿತ್ತು ಅಂತ ನಾನು ಹೇಳಲ್ಲ. ಪತ್ರಾ ಮನೆಗಳು, ಮಧ್ಯಾಹ್ನ ಒಳಗೆ ಕೂತರೆ ಹಂಚಿನ ಮೇಲಿನ ರೊಟ್ಟಿ ಆಗ್ತಿದ್ದೆವು. ಆದರೆ ಹೊರಗೆ ಮೂರು ಬೇವಿನ ಗಿಡ, ಒಂದು ಕಟ್ಟೆ ಇತ್ತು. ಎಲ್ಲ ಕೆಡವಿ ನಾಲ್ಕು ಅಂತಸ್ತಿನ ಬ್ಲಾಕ್ ಕೊಟ್ಟರು. ನಕ್ಷೆಯಲ್ಲಿ ಕಾರ್ ಪಾರ್ಕಿಂಗ್ ಇತ್ತು (ಯಾರ ಕಾರು ಅಂತ ಕೇಳಬೇಡಿ). ಗಿಡಕ್ಕೆ ಜಾಗ ಇರಲಿಲ್ಲ. ಬೇವು ಕಡಿದರು, ನೆಲಕ್ಕೆಲ್ಲ ಸಿಮೆಂಟ್ ಬಳಿದರು. ಬ್ಲಾಕುಗಳನ್ನ ಬೆಂಕಿಪೆಟ್ಟಿಗೆ ಥರ ಒಂದರ ಹಿಂದೊಂದು ನಿಲ್ಲಿಸಿದರು, ಮುಂದಿನದು ಹಿಂದಿನದಕ್ಕೆ ಗಾಳಿ ಬಿಡಲ್ಲ. ನಮ್ಮ ಆಯಿ ಒಂದೇ ಮಾತಲ್ಲಿ ಹೇಳಿದಳು: "ಮನಿ ಕೊಟ್ರು, ನೆಳ್ಳ ಕಸ್ಕೊಂಡ್ರು."

"ಇಷ್ಟು ಎತ್ತರದ ಕಟ್ಟಡಾನೇ ನೆರಳು ಕೊಡುತ್ತಲ್ರೀ" ಅಂದ ಇಂಜಿನಿಯರ್ ಸಾಹೇಬರೇ, ಕಲಬುರಗಿ ಇರೋದು 17 ಡಿಗ್ರಿ ಅಕ್ಷಾಂಶದಲ್ಲಿ. ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ. ಹತ್ತು ಅಂತಸ್ತು ಕಟ್ಟಿದರೂ ಆಗ ನೆರಳು ಅದರ ಬುಡ ದಾಟಲ್ಲ. ಆ ಹೊತ್ತಿನಲ್ಲಿ ಕಾಯೋದು ತಲೆ ಮೇಲಿರೋದು ಮಾತ್ರ, ಗಿಡ ಅಥವಾ ಚಪ್ಪರ. ಆಮೇಲೆ ಪಶ್ಚಿಮದ ಗೋಡೆ ಸಂಜೆತನಕ ಬಿಸಿಲು ಕುಡಿದು ರಾತ್ರಿಯಿಡೀ ಅದನ್ನ ವಾಪಸ್ ಉಗುಳುತ್ತೆ. ಎರಡು ಎತ್ತರದ ಗೋಡೆ ಮಧ್ಯೆ ಕಾಣೋ ಆಕಾಶವೇ ಒಂದು ಪಟ್ಟಿಯಷ್ಟು, ಬಿಸಿ ಮೇಲೆ ಹೋಗೋದಾದರೂ ಹೇಗೆ? ಮೊದಲು ಅಂಗಳದಲ್ಲಿ ಹೊರಸು ಹಾಕಿ ಮಲಗ್ತಿದ್ದೆವು. ಈಗ ಅಂಗಳ ಇಲ್ಲ, ಮೇಲಿನ ಟೆರೇಸಿಗೆ ಬೀಗ.

ಕೂಲರ್ ತಗೋಳಿ ಅಂತಾರೆ. ಒಂದೇ ಕೋಣೆಯ ಮನೆಯವರಿಗೆ ಬೀದಿಯೇ ಎರಡನೇ ಕೋಣೆ. ನಳದ ಮುಂದೆ ಕೊಡ ಹಿಡಿದು ನಿಲ್ಲೋರಿಗೆ, ಹೊರಗೆ ಒಲೆ ಹಾಕಿ ರೊಟ್ಟಿ ಬಡಿದು ಮಾರೋ ಅಕ್ಕಂದಿರಿಗೆ ಯಾವ ಕೂಲರ್ ಕೊಡ್ತೀರಿ? ನಮ್ಮ ಪೌರಕಾರ್ಮಿಕ ತಂಗಿಯರು ಬೆಳಗಿನ ಜಾವ ಅಧಿಕಾರಿಗಳ ಬಂಗಲೆ ರಸ್ತೆಯಲ್ಲಿ ದೊಡ್ಡ ದೊಡ್ಡ ಗಿಡಗಳ ಎಲೆ ಗುಡಿಸಿ, ಮಧ್ಯಾಹ್ನ ಈ ಸಿಮೆಂಟ್ ಕಾವಲಿಗೆ ಬರ್ತಾರೆ. ಆ ಬಂಗಲೆಗಳ ನಕ್ಷೆ ಬರೆದದ್ದೂ ಸರ್ಕಾರವೇ. ಅಲ್ಲಿ ಗಿಡಕ್ಕೆ ಜಾಗ ಸಿಕ್ತು.

1956ರ ಕೇಂದ್ರದ ಕೊಳಚೆ ಪ್ರದೇಶಗಳ ಕಾಯ್ದೆ ಓದಿ. ಬೀದಿ ಇಕ್ಕಟ್ಟು, ಕಟ್ಟಡಗಳ ಜೋಡಣೆ ಸರಿಯಿಲ್ಲ, ಗಾಳಿ ಬೆಳಕಿಲ್ಲ ಅಂದರೆ ಆ ಜಾಗವನ್ನ ಸ್ಲಂ ಅಂತ ಘೋಷಿಸಬಹುದು. ಇದೇ ಅಳತೆಗೋಲು ಹಿಡಿದು ನಮ್ಮ ಹೊಸ ಬ್ಲಾಕ್ ಅಳೆಯೋಕೆ ಯಾರಾದರೂ ಬರ್ತೀರಾ? 1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆ ನೀರು ಮುಟ್ಟಿದ್ದು ಊರಿನ ಸಾರ್ವಜನಿಕ ನೀರಿನಲ್ಲಿ ನಮಗೂ ಹಕ್ಕಿದೆ ಅಂತ. ಸಾರ್ವಜನಿಕ ನೆರಳನ್ನೂ ನಾನು ಹಾಗೇ ಕೇಳ್ತಿದ್ದೇನೆ. ಪಾರ್ಕಿಂಗ್ ಜಾಗದ ಸಿಮೆಂಟ್ ಕಿತ್ತು ಗಿಡ ನೆಡಿ, ಅದು ಬೆಳೆಯೋತನಕ ನಳದ ಮುಂದೆ ಚಪ್ಪರ ಹಾಕಿ, ಟೆರೇಸಿನ ಬೀಗ ತೆಗೀರಿ. ಮುಂದಿನ ಬ್ಲಾಕಿನ ನಕ್ಷೆಯನ್ನ ಕಟ್ಟೋಕೆ ಮೊದಲು ನಮ್ಮ ಓಣಿಗೆ ತಂದು ತೋರಿಸಿ.

ಬರೋ ಭಾನುವಾರ ಮಧ್ಯಾಹ್ನ 1 ಗಂಟೆಗೆ ಬ್ಲಾಕ್ ಮುಂದೆ ಸಭೆ. ಅಧಿಕಾರಿಗಳಿಗೂ ಪತ್ರ ಕೊಟ್ಟಿದ್ದೇವೆ. ಕುರ್ಚಿ ಹಾಕ್ತೇವೆ, ನೀರು ಇಡ್ತೇವೆ. ಶಾಮಿಯಾನ ಹಾಕಲ್ಲ.

ಜೈ ಭೀಮ್.